ಎಂಬಿಬಿಎಸ್ ಹುಡುಗರೆಲ್ಲ ಆ್ಯಪ್‌ನಲ್ಲೇ ಕಲಿಯುತ್ತಿದ್ದಾರೆ, ಹಾಗಾದರೆ ಕ್ಲಾಸಿನಲ್ಲಿ ನಾವು ಏನು ಮಾಡಬೇಕು?

ಫಿಸಿಯಾಲಜಿ_ಮೇಡಂ
ನಾನು ಮೆಡಿಕಲ್ ಕಾಲೇಜೊಂದರಲ್ಲಿ ಮೊದಲ ವರ್ಷದವರಿಗೆ ಫಿಸಿಯಾಲಜಿ, ಅಂದರೆ ದೇಹ ಹೇಗೆ ಕೆಲಸ ಮಾಡುತ್ತದೆ ಎಂಬ ಪಾಠ ಮಾಡುತ್ತೇನೆ. ಬೆಳಗಿನ ಕ್ಲಾಸಿಗೆ ಬರುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಅಟೆಂಡೆನ್ಸ್‌ಗಾಗಿ ಬರುತ್ತಾರೆ. ಕೇಳಿದರೆ ಮುಚ್ಚುಮರೆ ಇಲ್ಲದೆ ಹೇಳುತ್ತಾರೆ, "ಮೇಡಂ, ಈ ಟಾಪಿಕ್ ಆ್ಯಪ್‌ನಲ್ಲಿ ಆಗಲೇ ನೋಡಿದ್ದೇವೆ" ಅಂತ. ನನಗೆ ಕೋಪ ಬರುವುದಿಲ್ಲ. ಆ ವಿಡಿಯೋಗಳನ್ನು ನಾನೂ ಕೂತು ನೋಡಿದ್ದೇನೆ. ಕಾರ್ಡಿಯಾಕ್ ಸೈಕಲ್ (ಹೃದಯದ ಒಂದು ಬಡಿತದಲ್ಲಿ ಆಗುವುದೆಲ್ಲ) ಪಾಠದಲ್ಲಿ ಒತ್ತಡದ ಗೆರೆ, ಕವಾಟ ಮುಚ್ಚುವುದು, ಇಸಿಜಿ ಮೂರೂ ಒಟ್ಟಿಗೆ ಓಡುತ್ತವೆ. ಬೋರ್ಡಿನ ಮೇಲೆ ಸೀಮೆಸುಣ್ಣ ಹಿಡಿದು ನಾನು ಅಷ್ಟು ಚೆನ್ನಾಗಿ ತೋರಿಸಲಾರೆ.

ಆದರೆ ಅದೇ ಹುಡುಗರು ಪ್ರಾಕ್ಟಿಕಲ್‌ಗೆ ಬಂದಾಗ ಬಿಪಿ ನೋಡಲು ತಡಕಾಡುತ್ತಾರೆ. ಅಂಗಿ ತೋಳಿನ ಮೇಲೇ ಪಟ್ಟಿ ಸುತ್ತುತ್ತಾರೆ. ಮೊದಲು ನಾಡಿ ಹಿಡಿದು ನೋಡದೆ ನೇರ ಸ್ಟೆತ್ ಇಡುತ್ತಾರೆ. ಹಾಗೆ ಮಾಡಿದರೆ ಕೆಲವರಲ್ಲಿ ಶಬ್ದ ನಡುವೆ ನಿಂತು ಮತ್ತೆ ಶುರುವಾಗುವುದು ಗೊತ್ತಾಗದೆ ಮೇಲಿನ ಸಂಖ್ಯೆ ಕಡಿಮೆ ಬರುತ್ತದೆ. ಇದನ್ನೇ ಪ್ರಶ್ನೆಯಾಗಿ ಕೊಟ್ಟರೆ ಎಲ್ಲರೂ ಸರಿ ಉತ್ತರ ಗುರುತಿಸುತ್ತಾರೆ, ಕೈಗೆ ಮಾತ್ರ ಅದು ಬಂದಿಲ್ಲ.

ನಿಮ್ಮೆಲ್ಲರಿಗೂ ನನ್ನ ಪ್ರಶ್ನೆ: ಆ ಒಂದು ಗಂಟೆಯನ್ನು ನಾನು ಹೇಗೆ ಬಳಸಲಿ? ವಿದ್ಯಾರ್ಥಿಗಳೂ ದಯವಿಟ್ಟು ಬರೆಯಿರಿ.

ದಾವಣಗೆರೆ_ಸೆಕೆಂಡ್_ಇಯರ್
ಮೇಡಂ, ನೇರವಾಗಿ ಹೇಳುತ್ತೇನೆ, ಬೇಜಾರಾಗಬೇಡಿ. ಎಷ್ಟೋ ಕ್ಲಾಸುಗಳಲ್ಲಿ ಸ್ಲೈಡ್ ಓದುತ್ತಾರೆ, ಅಷ್ಟೇ. ಆ ಸ್ಲೈಡ್ ನಮಗೂ ಓದಲು ಬರುತ್ತದೆ. ಆ್ಯಪ್‌ನಲ್ಲಿ ಅದೇ ವಿಷಯ ನಲವತ್ತು ನಿಮಿಷದಲ್ಲಿ ಮುಗಿಯುತ್ತದೆ, ನಾನು ಎರಡು ಪಟ್ಟು ವೇಗದಲ್ಲಿ ನೋಡಿದರೆ ಇಪ್ಪತ್ತು. ಥಿಯರಿಗೆ 75%, ಪ್ರಾಕ್ಟಿಕಲ್‌ಗೆ 80% ಹಾಜರಿ ಬೇಕು ಅನ್ನುವುದಕ್ಕೆ ಬಂದು ಕೂರುತ್ತೇವೆ. ಕೊನೆಗೆ ಪಿಜಿ (ಸ್ನಾತಕೋತ್ತರ) ಸೀಟು ಸಿಗುವುದು ನೀಟ್ ಪಿಜಿ ಪ್ರವೇಶ ಪರೀಕ್ಷೆಯ ಆ 200 ಪ್ರಶ್ನೆಗಳ ಮೇಲೆ. ಅದಕ್ಕೆ ಕಾಲೇಜು ತಯಾರಿ ಮಾಡಿಸುತ್ತಿಲ್ಲ, ಆ್ಯಪ್ ಮಾಡಿಸುತ್ತಿದೆ. ಹೀಗಿರುವಾಗ ತಪ್ಪು ನಮ್ಮದು ಮಾತ್ರ ಹೇಗಾಗುತ್ತದೆ?

ಬಾಗಲಕೋಟೆ_ಇಂಟರ್ನ್
ಗುರು, ಲೆಕ್ಚರ್ ಖಾಲಿ ಆದರೆ ನನಗೆ ಚಿಂತೆ ಇಲ್ಲ. ವಾರ್ಡಿನಲ್ಲಿ ರೋಗಿಗಳ ಹತ್ತಿರ ಕಲಿಯುವ ಪೋಸ್ಟಿಂಗ್ ಖಾಲಿ ಆಗುತ್ತಿದೆಯಲ್ಲ, ಅದರ ಬಗ್ಗೆ ಮಾತಾಡೋಣ. ಮೂರನೇ ವರ್ಷದವರು ವಾರ್ಡಿಗೆ ಬಂದು ಸಹಿ ಹಾಕಿ ಲೈಬ್ರರಿಗೆ ಹೋಗುತ್ತಾರೆ, ಅಲ್ಲಿ ಕೂತು ವಾರ್ಡಿನಲ್ಲಿರುವ ಕಾಯಿಲೆಯದೇ ವಿಡಿಯೋ ನೋಡುತ್ತಾರೆ. ಮೇಲಿನ ಮಹಡಿಯಲ್ಲಿ ಅದೇ ಕಾಯಿಲೆಯ ಅಜ್ಜ ಮಲಗಿದ್ದಾರೆ. ಇಂಟರ್ನ್‌ಗಳೂ ಅಷ್ಟೇ, ಡ್ಯೂಟಿ ರೂಮಿನಲ್ಲಿ ಪ್ರಶ್ನೆ ಬಿಡಿಸುತ್ತಾ ಕೂತಿರುತ್ತಾರೆ.

ದಾವಣಗೆರೆ_ಸೆಕೆಂಡ್_ಇಯರ್
ಅಣ್ಣಾ, ವಾರ್ಡಿಗೆ ಬಂದರೆ ಕಲಿಸುವವರು ಯಾರು? ಪಿಜಿ ಓದುತ್ತಾ ವಾರ್ಡ್ ನೋಡಿಕೊಳ್ಳುವ ಡಾಕ್ಟರುಗಳಿಗೆ ಉಸಿರಾಡಲು ಪುರುಸೊತ್ತಿಲ್ಲ. ಒಂದು ಮಂಚದ ಸುತ್ತ ಇಪ್ಪತ್ತು ಜನ ನಿಂತರೆ ಹಿಂದಿನವರಿಗೆ ರೋಗಿಯ ಮುಖ ಕೂಡ ಕಾಣುವುದಿಲ್ಲ.

ಬಾಗಲಕೋಟೆ_ಇಂಟರ್ನ್
ಅದು ಸರಿಯಾದ ಮಾತು. ಒಪ್ಪಿದೆ.

ಕನ್ನಡ_ಮೀಡಿಯಂ_ಹುಡುಗಿ
ನಾನು ಹತ್ತನೇ ತರಗತಿವರೆಗೆ ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಕನ್ನಡದಲ್ಲೇ ಓದಿದವಳು. ಮೊದಲ ವರ್ಷ ಕ್ಲಾಸಿನಲ್ಲಿ ಏನು ಹೇಳುತ್ತಿದ್ದಾರೆ ಅಂತ ತಿಳಿಯುವಷ್ಟರಲ್ಲಿ ಮೇಷ್ಟ್ರು ಮೂರು ಸ್ಲೈಡ್ ಮುಂದೆ ಹೋಗಿರುತ್ತಿದ್ದರು. ಕೈ ಎತ್ತಿ "ಮತ್ತೊಮ್ಮೆ ಹೇಳಿ ಸರ್" ಅನ್ನಲು ಧೈರ್ಯ ಇರಲಿಲ್ಲ. ವಿಡಿಯೋ ಬಂದ ಮೇಲೆ ನಿಲ್ಲಿಸಿ ನಿಲ್ಲಿಸಿ ಕೇಳಿದೆ, ಕೆಳಗೆ ಅಕ್ಷರ ಹಾಕಿಕೊಂಡು ಓದಿದೆ, ಗೊತ್ತಿಲ್ಲದ ಪದ ಹುಡುಕಿ ಬರೆದುಕೊಂಡೆ. ಯಾರೂ ನನ್ನ ಕಡೆ ತಿರುಗಿ ನೋಡಲಿಲ್ಲ. ಆ್ಯಪ್ ಇಲ್ಲದಿದ್ದರೆ ನಾನು ಫಸ್ಟ್ ಇಯರ್ ಪಾಸ್ ಆಗುವುದು ಕಷ್ಟವಿತ್ತು. ವಿಡಿಯೋ ಬೇಡ ಅನ್ನುವ ದೊಡ್ಡವರು ನಮ್ಮಂಥವರನ್ನೂ ಒಮ್ಮೆ ನೆನೆಸಿಕೊಳ್ಳಿ.

ಫಿಸಿಯಾಲಜಿ_ಮೇಡಂ
ಇದನ್ನು ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್ ಕಣಮ್ಮ. ನಮ್ಮ ಕ್ಲಾಸಿನಲ್ಲಿ ಸುಮ್ಮನೆ ಕೂರುವ ಎಷ್ಟೋ ಮಕ್ಕಳು ನೆನಪಾದರು. ಎಂಬಿಬಿಎಸ್ ಶುರುವಿನ ಫೌಂಡೇಶನ್ ಕೋರ್ಸಿನಲ್ಲಿ ಭಾಷೆ ಕಲಿಸಬೇಕು ಅಂತ ನಿಯಮವೇ ಇದೆ. ಹೊರ ರಾಜ್ಯದವರಿಗೆ ಕನ್ನಡ ಕಲಿಸುತ್ತೇವೆ, ನಮ್ಮ ಮಕ್ಕಳಿಗೆ ಇಂಗ್ಲಿಷ್ ವಿಷಯದಲ್ಲಿ ಕೈ ಹಿಡಿಯುವವರು ಕಡಿಮೆ.

ತುಮಕೂರು_ಅಮ್ಮ
ನನ್ನ ಮಗ ಈ ವರ್ಷ ಸೇರಿದ್ದಾನೆ. ಕಾಲೇಜು ಫೀಸು, ಹಾಸ್ಟೆಲ್ ಫೀಸು ಕಟ್ಟಿದ ಮೇಲೆ ಈಗ ಆ್ಯಪ್‌ಗೆ ಬೇರೆ ದುಡ್ಡು ಕೇಳುತ್ತಿದ್ದಾನೆ, ಟ್ಯಾಬ್ ಬೇರೆ ಬೇಕಂತೆ. ಮೊದಲ ವರ್ಷದಿಂದಲೇ ತೆಗೆದುಕೊಳ್ಳಬೇಕಾ? ಗೊತ್ತಿರುವವರು ಹೇಳಿ.

ಕಾರ್ಡ್_ಪ್ರೇಮಿ
ಬೇಡ ಅಮ್ಮಾ. ಮೊದಲ ವರ್ಷಕ್ಕೆ ಉಚಿತವಾಗಿ ಸಿಗುವುದೇ ಸಾಕಷ್ಟಿದೆ. ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಅಡಿ ಬರುವ ಕಾಲೇಜಾದರೆ ಹೆಲಿನೆಟ್ ಅಂತ ಡಿಜಿಟಲ್ ಲೈಬ್ರರಿ 2003ರಿಂದ ಇದೆ. ಲೈಬ್ರರಿಯಲ್ಲಿ ಲಾಗಿನ್ ಕೇಳಲು ಹೇಳಿ. ಟ್ಯಾಬ್ ತಕ್ಷಣ ಬೇಕಾಗಿಲ್ಲ, ಒಳ್ಳೆ ಸ್ಟೆತ್ ಒಂದು ಕೊಡಿಸಿ.

ಹೆಸರಿಲ್ಲ_07
ಟೆಲಿಗ್ರಾಂನಲ್ಲಿ ಎಲ್ಲ ಫ್ರೀ ಸಿಗುತ್ತೆ.

ಕಾರ್ಡ್_ಪ್ರೇಮಿ
ಅದು ಕದ್ದ ಮಾಲು. ಹಳೆಯ ವಿಡಿಯೋ ಇರುತ್ತದೆ, ತಿದ್ದುಪಡಿ ಬರುವುದಿಲ್ಲ. ಔಷಧದ ಡೋಸ್ ಬದಲಾದರೂ ನಿಮಗೆ ಗೊತ್ತಾಗುವುದಿಲ್ಲ. ಅಮ್ಮನಿಗೆ ಆ ದಾರಿ ತೋರಿಸಬೇಡಿ.

ಈಗ ಮೇಡಂ ಪ್ರಶ್ನೆಗೆ ಬರುತ್ತೇನೆ. ಎರಡು ಪಟ್ಟು ವೇಗದ ಬಗ್ಗೆ ತುಂಬಾ ಜನ ಬೈಯುತ್ತಾರೆ. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. 2 ಪಟ್ಟು ವೇಗದವರೆಗೆ ಅಂಕ ಹೆಚ್ಚೇನೂ ಇಳಿಯಲಿಲ್ಲ, 2.5 ಪಟ್ಟಿಗೆ ಹೋದಾಗ ಇಳಿಯಿತು. ಆದರೆ ಅಲ್ಲಿ ತೋರಿಸಿದ್ದು ರೋಮನ್ ಸಾಮ್ರಾಜ್ಯ ಮತ್ತು ಆಸ್ತಿ ಬೆಲೆ ಕಟ್ಟುವ ಬಗೆಗಿನ ಪಾಠ. ಬ್ರೇಕಿಯಲ್ ಪ್ಲೆಕ್ಸಸ್ (ತೋಳಿಗೆ ಹೋಗುವ ನರಗಳ ಜಾಲ) ಅಲ್ಲ. ಹಾಗಾಗಿ ಅದನ್ನು ಹಾಗೇ ಮೆಡಿಕಲ್‌ಗೆ ಹಚ್ಚಬೇಡಿ.

ನಿಜವಾದ ತೊಂದರೆ ವೇಗದಲ್ಲಿ ಇಲ್ಲ, ಸುಮ್ನೆ ನೋಡುವುದರಲ್ಲಿ ಇದೆ. ನೋಡುವಾಗ ಎಲ್ಲ ಅರ್ಥವಾದಂತೆ ಅನಿಸುತ್ತದೆ. ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಮಾಡಿದ ಪ್ರಯೋಗ ಇದಕ್ಕೆ ಸರಿಯಾಗಿ ಹೊಂದುತ್ತದೆ. ಒಂದು ಗುಂಪು ಪಾಠವನ್ನು ಮತ್ತೆ ಮತ್ತೆ ಓದಿತು, ಇನ್ನೊಂದು ಗುಂಪು ಪುಸ್ತಕ ಮುಚ್ಚಿ ನೆನಪಿನಿಂದ ಬರೆಯಿತು. ಐದು ನಿಮಿಷದ ನಂತರ ಕೇಳಿದರೆ ಮತ್ತೆ ಓದಿದವರು ಮುಂದೆ. ಒಂದು ವಾರ ಬಿಟ್ಟು ಕೇಳಿದರೆ ನೆನಪಿನಿಂದ ಬರೆದವರು ಮುಂದೆ. ನಾನು 'ಅಂಕಿ' (Anki) ಬಳಸುತ್ತೇನೆ, ಒಂದು ಬದಿ ಪ್ರಶ್ನೆ, ಇನ್ನೊಂದು ಬದಿ ಉತ್ತರ ಇರುವ ಕಾರ್ಡಿನ ಸಾಫ್ಟ್‌ವೇರ್ ಅದು. ಆಂಡ್ರಾಯ್ಡ್‌ನಲ್ಲಿ, ಲ್ಯಾಪ್‌ಟಾಪ್‌ನಲ್ಲಿ ಉಚಿತ, ಐಫೋನ್‌ಗೆ ಮಾತ್ರ ದುಡ್ಡು. ಸುಲಭವಾದ ಕಾರ್ಡ್ ತಡವಾಗಿ ಬರುತ್ತದೆ, ಮರೆತದ್ದು ಬೇಗ ಬರುತ್ತದೆ. ಯಾರದ್ದೋ ಸಾವಿರಾರು ಕಾರ್ಡುಗಳನ್ನು ಇಳಿಸಿಕೊಳ್ಳಬೇಡಿ, ಒಂದೇ ತಿಂಗಳಲ್ಲಿ ಬಿಟ್ಟುಬಿಡುತ್ತೀರಿ. ನೀವು ತಪ್ಪಿದ್ದನ್ನೇ ಕಾರ್ಡ್ ಮಾಡಿ.

ದಾವಣಗೆರೆ_ಸೆಕೆಂಡ್_ಇಯರ್
ಫಾರ್ಮಕಾಲಜಿಗೆ ಮಾಡಿದ ಕಾರ್ಡ್ ಇದ್ದರೆ ಕಳಿಸಿ ಅಣ್ಣಾ 🙏

ಕಾರ್ಡ್_ಪ್ರೇಮಿ
ಈಗ ತಾನೇ ಹೇಳಿದೆ ಅಲ್ವಾ, ನೀನೇ ಮಾಡಿಕೋ ಅಂತ! ಮಾಡುವಾಗಲೇ ಅರ್ಧ ಕಲಿಯುತ್ತೀಯ.

ಅನಾಟಮಿ_ಮೇಷ್ಟ್ರು
ನಮ್ಮ ಹತ್ತಿರ ಈಗ ದೊಡ್ಡ ಟಚ್ ಸ್ಕ್ರೀನ್ ಮೇಜು ಬಂದಿದೆ. ಇಡೀ ದೇಹ ಅದರ ಮೇಲೆ ಮೂಡುತ್ತದೆ, ಬೆರಳಾಡಿಸಿದರೆ ಸೀಳುತ್ತದೆ, ತಿರುಗುತ್ತದೆ. ತಲೆಯೊಳಗಿನ ಸಣ್ಣ ರಂಧ್ರಗಳು, ಮೆದುಳಿನ ಒಳಗಿನ ಕೋಣೆಗಳು, ಸಿಟಿ ಸ್ಕ್ಯಾನ್ ಜೊತೆ ಹೋಲಿಸುವುದು, ಇದಕ್ಕೆಲ್ಲ ಅದು ಬಹಳ ಒಳ್ಳೆಯದು. ಅದನ್ನು ನಾನು ದಿನವೂ ಬಳಸುತ್ತೇನೆ.

ಆದರೆ ಶವ ಬೇಡ, ಮೇಜು ಸಾಕು ಎಂಬ ಮಾತು ಆಗಾಗ ಕೇಳಿಬರುತ್ತದೆ. ನನಗೆ ಅದು ಒಪ್ಪಿಗೆ ಇಲ್ಲ. ಸ್ಕ್ರೀನಿನ ಮೇಲೆ ಅಂಗಾಂಶಕ್ಕೆ ಗಟ್ಟಿ ಮೆತ್ತಗೆ ಎಂಬುದಿಲ್ಲ. ನರ ಯಾವುದು, ರಕ್ತನಾಳ ಯಾವುದು ಅಂತ ಅಲ್ಲಿ ಬಣ್ಣ ಹೇಳುತ್ತದೆ. ನಿಜವಾದ ದೇಹದಲ್ಲಿ ಬೆರಳ ನಡುವೆ ಹಿಡಿದು ಉರುಳಿಸಿ ನೋಡಬೇಕು. ಇನ್ನೊಂದು ವಿಷಯ, ಈಗಿನ ಪಠ್ಯಕ್ರಮದ ನೀತಿಪಾಠದಲ್ಲಿ ಶವವೇ ನಮ್ಮ ಮೊದಲ ಗುರು ಎಂಬ ಘಟಕ ಇದೆ. ಮಕ್ಕಳು ಮೊದಲ ದಿನ ದೇಹದ ಮುಂದೆ ನಿಂತು ಪ್ರಮಾಣ ಮಾಡುತ್ತಾರೆ. ಯಾರೋ ಬದುಕಿದ್ದಾಗಲೇ ಯೋಚಿಸಿ ತಮ್ಮ ದೇಹ ಕೊಟ್ಟಿದ್ದಾರೆ, ಅವರ ಮನೆಯವರು ದುಃಖದ ನಡುವೆಯೂ ಅದನ್ನು ನಡೆಸಿಕೊಟ್ಟಿದ್ದಾರೆ. ರೋಗಿಯ ಬಗ್ಗೆ ಗೌರವ ಅಲ್ಲಿಂದ ಶುರುವಾಗುತ್ತದೆ.

ಹಳೆ_ಸರ್ಜನ್_ಹುಬ್ಬಳ್ಳಿ
ಮೇಷ್ಟ್ರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಸಾಫ್ಟ್‌ವೇರಿನಲ್ಲಿ ಎಲ್ಲರ ದೇಹವೂ ಹೆಚ್ಚುಕಮ್ಮಿ ಒಂದೇ. ಪಿತ್ತಕೋಶ ತೆಗೆಯುವಾಗ ಅದರ ರಕ್ತನಾಳ ಎಲ್ಲಿಂದ ಬಂದಿದೆ ಅಂತ ಪ್ರತಿ ರೋಗಿಯಲ್ಲೂ ಹೊಸದಾಗಿ ನೋಡಬೇಕು. ಕೆಲವರಲ್ಲಿ ಯಕೃತ್ತಿನ ಬಲಗಡೆಯ ರಕ್ತನಾಳವೇ ಬೇರೆ ಕಡೆಯಿಂದ ಬಂದಿರುತ್ತದೆ. ಇಂಥದ್ದನ್ನು ಶವ ಕೊಯ್ದು ಕಲಿಯುವ ಡಿಸೆಕ್ಷನ್ ಹಾಲಿನಲ್ಲಿ ಒಮ್ಮೆ ಕಣ್ಣಾರೆ ಕಂಡವನು ಆಪರೇಷನ್ ಮೇಜಿನ ಮುಂದೆ ಅವಸರ ಮಾಡುವುದಿಲ್ಲ.

ಹಾಗಂತ ನಾನು ಹೊಸದರ ವಿರೋಧಿ ಅಲ್ಲ. ಲ್ಯಾಪ್ರೋಸ್ಕೋಪಿ (ಸಣ್ಣ ರಂಧ್ರದಲ್ಲಿ ಕ್ಯಾಮೆರಾ ಹಾಕಿ ಮಾಡುವ ಆಪರೇಷನ್) ಅಭ್ಯಾಸಕ್ಕೆ ನಮ್ಮ ಪಿಜಿಗಳು ರಟ್ಟಿನ ಡಬ್ಬಿ ಮಾಡಿಕೊಂಡಿದ್ದಾರೆ. ಮೇಲೆ ಮೊಬೈಲ್ ಕ್ಯಾಮೆರಾ, ಒಳಗೆ ಬಟಾಣಿ, ರಬ್ಬರ್ ಬ್ಯಾಂಡು. ಸ್ಕ್ರೀನ್ ನೋಡುತ್ತಾ ಕೈ ಓಡಿಸುವುದು ಅದರಲ್ಲಿ ಬರುತ್ತದೆ. ಖರ್ಚು ಅಂತ ಹೇಳುವಷ್ಟು ಇಲ್ಲ.

ಹೆಸರಿಲ್ಲ_07
ಸರ್ ಆ ಡಬ್ಬಿ ಫೋಟೋ ಹಾಕಿ

ಮಲೆನಾಡು_ಪಿಎಚ್‌ಸಿ
ನಾನು ಘಟ್ಟದ ಸೀಮೆಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿದ್ದೇನೆ. ಇಲ್ಲಿ ಎರಡು ವಿಷಯ ಹೇಳಲೇಬೇಕು.

ಒಂದು, ಆ್ಯಪ್‌ಗಳು ಪರೀಕ್ಷೆಯಲ್ಲಿ ಏನು ಬರುತ್ತದೋ ಅದನ್ನು ಕಲಿಸುತ್ತವೆ. ಮಂಗನ ಕಾಯಿಲೆ ಮೊದಲು ಗೊತ್ತಾದದ್ದು 1957ರಲ್ಲಿ, ನಮ್ಮ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ. ವಿಡಿಯೋದಲ್ಲಿ ಅದಕ್ಕೆ ಸಿಗುವುದು ಒಂದು ಸಾಲು, ಉಣ್ಣೆ ಕಚ್ಚಿ ಹರಡುತ್ತದೆ ಅಂತ. ಬೇಸಿಗೆ ಹತ್ತಿರ ಬರುವ ಹೊತ್ತಿಗೆ ಕಾಡಿಗೆ ಹೋಗಿ ಬಂದವನಿಗೆ ಜ್ವರ ಮೈಕೈ ನೋವು ಅಂದರೆ ಏನು ಕೇಳಬೇಕು, ಯಾವಾಗ ಮುಂದಕ್ಕೆ ಕಳಿಸಬೇಕು, ಅದು ಯಾವ ವಿಡಿಯೋದಲ್ಲೂ ಇಲ್ಲ. ಹಾವು ಕಡಿತವೂ ಹಾಗೇ. 2024ರಿಂದ ನಮ್ಮ ರಾಜ್ಯದಲ್ಲಿ ಪ್ರತಿ ಕೇಸನ್ನೂ ವರದಿ ಮಾಡಬೇಕು. ಹೊಸದಾಗಿ ಬಂದ ಡಾಕ್ಟರಿಗೆ ನಾಗರ, ಕೊಳಕುಮಂಡಲ ಎಲ್ಲ ಬಾಯಿಪಾಠ ಬರುತ್ತದೆ. ಆದರೆ ವಿಷ ರಕ್ತವನ್ನು ಕೆಡಿಸಿದೆಯಾ ಅಂತ ನೋಡುವ ಇಪ್ಪತ್ತು ನಿಮಿಷದ ರಕ್ತ ಹೆಪ್ಪುಗಟ್ಟುವ ಪರೀಕ್ಷೆಯನ್ನು ಪ್ಲಾಸ್ಟಿಕ್ ಟ್ಯೂಬಿನಲ್ಲಿ ಮಾಡುತ್ತಾರೆ. ಗಾಜಿನದೇ ಆಗಬೇಕು, ಶುಚಿಯಾಗಿ ಒಣಗಿರಬೇಕು, ಸೋಪಿನ ಅಂಶ ಉಳಿದಿರಬಾರದು, ಇಪ್ಪತ್ತು ನಿಮಿಷ ಅಲುಗಾಡಿಸಬಾರದು. ಆಮೇಲೆ ಒಮ್ಮೆ ಬಗ್ಗಿಸಿ ನೋಡುವುದು. ಇಷ್ಟನ್ನು ನಮ್ಮ ಜಿಲ್ಲೆಯವರೇ ಒಂದು ನಾಲ್ಕು ನಿಮಿಷದ ಕನ್ನಡ ವಿಡಿಯೋ ಮಾಡಿದರೆ ಡಾಕ್ಟರಿಗೂ ಆಯಿತು, ಲ್ಯಾಬ್ ಟೆಕ್ನಿಷಿಯನ್‌ಗೂ ಆಯಿತು.

ಎರಡು, ಆನ್‌ಲೈನ್ ಕಲಿಕೆ ಅಂದರೆ ವಿಡಿಯೋ ಮಾತ್ರ ಅಂತ ಎಲ್ಲರೂ ಅಂದುಕೊಂಡಿದ್ದೀರಿ. ನಿಮ್ಹಾನ್ಸ್ ಡಿಜಿಟಲ್ ಅಕಾಡೆಮಿ 2018ರಿಂದ ನಡೆಯುತ್ತಿದೆ. ಅಂಥ ತರಬೇತಿಯಲ್ಲಿ ಎಕೋ ಎಂಬ ಪದ್ಧತಿ ಇದೆ. ಡಾ. ಸಂಜೀವ್ ಅರೋರಾ 2003ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಹೆಪಟೈಟಿಸ್ ಸಿ ರೋಗಿಗಳಿಗಾಗಿ ಶುರು ಮಾಡಿದ್ದು. ನಾವು ನಮ್ಮ ಕೇಂದ್ರದಲ್ಲೇ ಕೂತು, ನಮ್ಮದೇ ರೋಗಿಯ ವಿಷಯವನ್ನು ಹೆಸರು ಹೇಳದೆ ಮುಂದಿಡುತ್ತೇವೆ. ತಜ್ಞರು ಕೇಳುತ್ತಾರೆ, ಬೇರೆ ತಾಲ್ಲೂಕಿನ ಡಾಕ್ಟರೂ ಮಾತಾಡುತ್ತಾರೆ. ಕುಡಿತ ಬಿಡಿಸಲು ಬಂದವನಿಗೆ ಮೂರನೇ ದಿನ ಕೈ ನಡುಗಿ ಏನೇನೋ ಕಾಣಲು ಶುರುವಾದರೆ ಏನು ಮಾಡಬೇಕು ಅನ್ನುವ ಧೈರ್ಯ ನನಗೆ ಬಂದದ್ದು ಅಂಥ ಚರ್ಚೆಯಿಂದ. ಮುಂದಿನ ವಾರ ಅದೇ ರೋಗಿ ಹೇಗಿದ್ದಾರೆ ಅಂತ ಅವರು ಮತ್ತೆ ಕೇಳುತ್ತಾರೆ, ಹಾಗಾಗಿ ಕಲಿತದ್ದು ಉಳಿಯುತ್ತದೆ.

ಬಾಗಲಕೋಟೆ_ಇಂಟರ್ನ್
ಸರ್, ಇದು ನನಗೆ ಗೊತ್ತೇ ಇರಲಿಲ್ಲ. ಇಂಟರ್ನ್‌ಗಳಿಗೂ ಸೇರಲು ಆಗುತ್ತಾ?

ಮಲೆನಾಡು_ಪಿಎಚ್‌ಸಿ
ಕೋರ್ಸ್ ಮೇಲೆ ಹೋಗುತ್ತದೆ. ಅವರ ವೆಬ್‌ಸೈಟಿನಲ್ಲಿ ಯಾರಿಗೆ ಯಾವುದು ಅಂತ ಹಾಕಿರುತ್ತಾರೆ, ನೋಡಪ್ಪ.

ನರ್ಸಿಂಗ್_ಟ್ಯೂಟರ್
ಡಾಕ್ಟರುಗಳೇ, ನರ್ಸಿಂಗ್ ಮಕ್ಕಳ ಬಗ್ಗೆಯೂ ಸ್ವಲ್ಪ ಯೋಚಿಸಿ. ಕೋವಿಡ್ ಹೊತ್ತಿನಲ್ಲಿ ಒಂದಿಡೀ ಬ್ಯಾಚಿಗೆ ನಾವು ಸಿಪಿಆರ್ (ಹೃದಯ ನಿಂತವರ ಎದೆ ಒತ್ತಿ ಜೀವ ಉಳಿಸುವುದು) ವಿಡಿಯೋದಲ್ಲಿ ಕಲಿಸಿದೆವು. ನಿಮಿಷಕ್ಕೆ 100ರಿಂದ 120 ಸಲ, 5ರಿಂದ 6 ಸೆಂಟಿಮೀಟರ್ ಆಳ, ಎಲ್ಲರೂ ಬರೆದರು. ಕಾಲೇಜು ತೆರೆದ ಮೇಲೆ ಬೊಂಬೆಯ ಮುಂದೆ ಕೂರಿಸಿದರೆ ಹೆಚ್ಚಿನವರು ಅರ್ಧ ಆಳವೂ ಒತ್ತುತ್ತಿರಲಿಲ್ಲ. ಪಕ್ಕೆಲುಬು ಮುರಿದೀತು ಅನ್ನುವ ಭಯ. ಆಳ ತೋರಿಸುವ ದೀಪ ಇರುವ ಬೊಂಬೆ ಮೇಲೆ ದಿನಾ ಐದು ನಿಮಿಷ ಮಾಡಿಸಿದ ಮೇಲೆ ಕೈ ಕುದುರಿತು. ಬೊಂಬೆಯೂ ಕಲಿಕೆಯ ಸಾಧನವೇ, ಅದಕ್ಕೆ ಖರ್ಚು ಮಾಡಿ ಅಂತ ಆಡಳಿತ ಮಂಡಳಿಗಳಿಗೆ ಯಾರಾದರೂ ಹೇಳಬೇಕು.

ಲೀಡ್ಸ್_ಕನ್ನಡಿಗ
ಇಂಗ್ಲೆಂಡಿನ ಆಸ್ಪತ್ರೆಗಳಲ್ಲೂ ಸಿಪಿಆರ್ ಬರೀ ವಿಡಿಯೋದಲ್ಲಿ ಮುಗಿಯುವುದಿಲ್ಲ. ಬೆಂಕಿ ಸುರಕ್ಷತೆ, ಮಾಹಿತಿ ಗೌಪ್ಯತೆ ಎಲ್ಲ ಆನ್‌ಲೈನ್ ಮಾಡ್ಯೂಲ್. ಆದರೆ ಜೀವ ಉಳಿಸುವ ತರಬೇತಿಗೆ ಕೈ ಇಡಲೇಬೇಕು, ಎದುರಿಗೆ ಒಬ್ಬರು ನಿಂತು ನೋಡಲೇಬೇಕು. ಇಲ್ಲಿ ನನಗೆ ಇಷ್ಟವಾಗುವುದು ಇ-ಪೋರ್ಟ್‌ಫೋಲಿಯೋ, ಅಂದರೆ ಕಲಿಕೆಯ ಆನ್‌ಲೈನ್ ದಾಖಲೆ. ರೋಗಿಯನ್ನು ನೋಡಿದ ದಿನವೇ ಸೀನಿಯರ್ ಹತ್ತು ನಿಮಿಷ ಕೂತು ಏನು ಚೆನ್ನಾಗಿತ್ತು, ಏನು ತಿದ್ದಿಕೊಳ್ಳಬೇಕು ಅಂತ ಬರೆಯುತ್ತಾರೆ. ಅದು ವರ್ಷಗಟ್ಟಲೆ ಉಳಿಯುತ್ತದೆ. ನಮ್ಮಲ್ಲಿ ವಿದ್ಯಾರ್ಥಿ ಮಾಡಿದ್ದನ್ನು ಬರೆದಿಡುವ ಲಾಗ್‌ಬುಕ್ ಇದೆ ಅಲ್ವಾ, ಅದನ್ನೇ ಮೊಬೈಲಿಗೆ ತಂದು ಇದೇ ರೀತಿ ಮಾಡಬಹುದು.

ಬಾಗಲಕೋಟೆ_ಇಂಟರ್ನ್
ಲಾಗ್‌ಬುಕ್ ಪರೀಕ್ಷೆಯ ಹಿಂದಿನ ವಾರ ಒಟ್ಟಿಗೆ ತುಂಬುವುದು ಎಲ್ಲರಿಗೂ ಗೊತ್ತಿರುವ ವಿಷಯ ಸರ್. ಮೊಬೈಲಿಗೆ ತಂದರೆ ಆ ದಿನಾಂಕವಾದರೂ ನಿಜ ಇರುತ್ತದೆ.

ಹಾಸ್ಟೆಲ್_ಬ್ಲಾಕ್_ಬಿ
ಮೊದಲು ಹಾಸ್ಟೆಲ್ ವೈಫೈ ಸರಿ ಮಾಡಿಸಿ. ರಾತ್ರಿ ಒಂಬತ್ತರ ಮೇಲೆ ಒಂದು ವಿಡಿಯೋ ಕೂಡ ಓಡಲ್ಲ. ನೀರೂ ಬರಲ್ಲ ಅದು ಬೇರೆ ಮಾತು.

ದಾವಣಗೆರೆ_ಸೆಕೆಂಡ್_ಇಯರ್
ನಮ್ಮಲ್ಲೂ ಅದೇ. ಬೆಳಗ್ಗೆ ನಾಲ್ಕಕ್ಕೆ ಎದ್ದು ಡೌನ್‌ಲೋಡ್ ಮಾಡಿಡುತ್ತೇವೆ.

ಫಿಸಿಯಾಲಜಿ_ಮೇಡಂ
ಎಲ್ಲವನ್ನೂ ಓದಿದೆ. ಎಂಬಿಬಿಎಸ್‌ನ 2019ರ ನಿಯಮದಲ್ಲೇ ಲೆಕ್ಚರ್ ಒಟ್ಟು ಸಮಯದ ಮೂರನೇ ಒಂದು ಭಾಗ ದಾಟಬಾರದು ಅಂತ ಇದೆ. ಉಳಿದದ್ದು ಗುಂಪು ಚರ್ಚೆ, ಪ್ರಾಕ್ಟಿಕಲ್, ಕ್ಲಿನಿಕ್. ಅಂದರೆ ನನಗೆ ಜಾಗ ಇದೆ. ನನ್ನ ಯೋಚನೆ ಹೀಗೆ: ವಿಡಿಯೋ ಮನೆಯಲ್ಲಿ ನೋಡಿ ಬರಲಿ, ಕ್ಲಾಸಿನಲ್ಲಿ ನಾನು ಒಬ್ಬ ರೋಗಿಯ ಕಥೆ ಕೊಟ್ಟು ಪ್ರಶ್ನೆ ಕೇಳುತ್ತೇನೆ.

ದಾವಣಗೆರೆ_ಸೆಕೆಂಡ್_ಇಯರ್
ಮೇಡಂ, ಆ ವಿಡಿಯೋ ನೋಡುವ ಸಮಯ ಎಲ್ಲಿಂದ ತರೋಣ? ಎಂಟರಿಂದ ಐದರವರೆಗೆ ಕ್ಲಾಸು, ರಾತ್ರಿ ರೆಕಾರ್ಡ್ ಬರೆಯುವುದು. ಪ್ರತಿ ಡಿಪಾರ್ಟ್‌ಮೆಂಟೂ "ನೋಡಿ ಬನ್ನಿ" ಅಂದರೆ ನಾವು ನಿದ್ದೆ ಬಿಡಬೇಕು. ಟೈಮ್‌ಟೇಬಲ್‌ನಲ್ಲೇ ಅದಕ್ಕೆ ಗಂಟೆ ಇಡಿ.

ಕನ್ನಡ_ಮೀಡಿಯಂ_ಹುಡುಗಿ
ಹತ್ತು ನಿಮಿಷದ್ದೇ ಮಾಡಿ ಮೇಡಂ, ನಿಮ್ಮ ದನಿಯಲ್ಲೇ. ನಡುನಡುವೆ ಕನ್ನಡದಲ್ಲಿ ಹೇಳಿ. ನೀವೇ ಕಲಿಸಿದ್ದು ಅಂದರೆ ನಾವು ಖಂಡಿತ ನೋಡುತ್ತೇವೆ.

ಹಳೆ_ಸರ್ಜನ್_ಹುಬ್ಬಳ್ಳಿ
ಈ ಹುಡುಗಿ ಹೇಳಿದ್ದು ಸರಿ. ಟೈಮ್‌ಟೇಬಲ್ ವಿಷಯದಲ್ಲಿ ಆ ಹುಡುಗ ಹೇಳಿದ್ದೂ ಸರಿ. ಅದನ್ನು ಪ್ರಿನ್ಸಿಪಾಲರ ಹತ್ತಿರ ಜಗಳವಾಡಿಯಾದರೂ ಮಾಡಿಸಿ.

ಫಿಸಿಯಾಲಜಿ_ಮೇಡಂ
ಟೈಮ್‌ಟೇಬಲ್ ಮಾತು ಎತ್ತುತ್ತೇನೆ. ವಿಡಿಯೋ ಹತ್ತೇ ನಿಮಿಷ ಇರಲಿ, ಒಪ್ಪಿದೆ. ಹೃದಯದ ಶಬ್ದದಿಂದ ಶುರು ಮಾಡೋಣ ಅಂತಿದ್ದೇನೆ. ರೆಕಾರ್ಡಿಂಗ್‌ಗಳು ಸಿಗುತ್ತವೆ, ಆದರೆ ಮರ್ಮರ್ (ಹೃದಯದ ಅಸಹಜ ಸದ್ದು) ಕೇಳಿಸಿದರೆ ಅರ್ಧ ಜನ ಏನೂ ಕೇಳುತ್ತಿಲ್ಲ ಅನ್ನುತ್ತಾರೆ.

ಕಾರ್ಡ್_ಪ್ರೇಮಿ
ಫೋನಿನ ಸ್ಪೀಕರಿನಲ್ಲಿ ಕೇಳಿಸಬೇಡಿ ಮೇಡಂ. ಮೈಟ್ರಲ್ ಸ್ಟೆನೋಸಿಸ್‌ನ (ಹೃದಯದ ಎಡಗಡೆಯ ಕವಾಟ ಕಿರಿದಾಗುವ ಕಾಯಿಲೆ) ಮರ್ಮರ್, ಹೃದಯದ ಮೂರನೇ ಶಬ್ದ ಇವೆಲ್ಲ ತುಂಬಾ ತಗ್ಗು ದನಿ. ಸಣ್ಣ ಸ್ಪೀಕರಿಗೆ ಆ ದನಿ ಹೊರಡಿಸಲು ಆಗುವುದೇ ಇಲ್ಲ. ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಹಾಕಿಸಿ.

ಬಾಗಲಕೋಟೆ_ಇಂಟರ್ನ್
ಹೆಡ್‌ಫೋನಿನಲ್ಲಿ ಕೇಳಿಸಿದ ದಿನವೇ ಮೆಡಿಸಿನ್ ವಾರ್ಡಿಗೆ ಕರೆದುಕೊಂಡು ಹೋಗಿ ಮೇಡಂ. ನಮ್ಮ ಕಡೆ ರುಮ್ಯಾಟಿಕ್ ಜ್ವರದಿಂದ ಹೃದಯದ ಕವಾಟ ಕೆಟ್ಟ ರೋಗಿಗಳು ಇನ್ನೂ ಬರುತ್ತಾರೆ. ಎಡ ಮಗ್ಗುಲಿಗೆ ಮಲಗಿಸಿ, ಹೃದಯದ ತುದಿಯ ಹತ್ತಿರ ಸ್ಟೆತ್‌ನ ಬೆಲ್ (ಬಟ್ಟಲಿನಂಥ ಬದಿ) ಮೆಲ್ಲಗೆ ಇಡಿಸಿ, ಉಸಿರು ಬಿಟ್ಟು ಹಿಡಿಯಲು ಹೇಳಿ. ಬೆಲ್ ಒತ್ತಿದರೆ ಶಬ್ದ ಹೋಗಿಬಿಡುತ್ತದೆ, ಹುಡುಗರು ಒತ್ತೇ ಒತ್ತುತ್ತಾರೆ, ಗಮನ ಇಡಿ.

ನರ್ಸಿಂಗ್_ಟ್ಯೂಟರ್
ವಾರ್ಡ್ ಸಿಸ್ಟರಿಗೆ ಮೊದಲೇ ತಿಳಿಸಿ ಮೇಡಂ. ರೋಗಿಯನ್ನೂ ಕೇಳಿ, ಒಪ್ಪಿದರೆ ಮಾತ್ರ. ಒಂದು ಸಲಕ್ಕೆ ಮೂವರು ಸಾಕು, ಉಸಿರು ಬಿಗಿ ಹಿಡಿದು ಹಿಡಿದು ಅವರಿಗೆ ಸುಸ್ತಾಗುತ್ತದೆ.

ಫಿಸಿಯಾಲಜಿ_ಮೇಡಂ
ಮೂವರಂತೆ ಪಟ್ಟಿ ಮಾಡುತ್ತೇನೆ. ಸಿಸ್ಟರ್ ಹತ್ತಿರ ನಾಳೆಯೇ ಮಾತಾಡುತ್ತೇನೆ.